ಚಿತ್ರಸರಣಿಯೊಂದು ಕಾದಂಬರಿ, ಕಾಮಿಕ್ಸ್, ಗೇಮ್‌ಗಳಿಗೆ ಹರಡಿದಾಗ ಯಾವುದು ನಿಜವಾದ ಕಥೆ?

ಪ್ರಶ್ನೆ

ಸ್ಟಾರ್ ವಾರ್ಸ್ ಸರಣಿಯ ಚಲನಚಿತ್ರಗಳನ್ನು ನೋಡಿದ್ದೇನೆ. ಆದರೆ ಅದೇ ಲೋಕದ ಕಾದಂಬರಿ, ಕಾಮಿಕ್ಸ್, ಆನಿಮೇಷನ್ ಧಾರಾವಾಹಿ ಮತ್ತು ವಿಡಿಯೋ ಗೇಮ್‌ಗಳ ರಾಶಿಯನ್ನು ಕಂಡಾಗ, ಇವು ಕಥೆಯ ನಿಜವಾದ ಮುಂದುವರಿಕೆಯೋ ಅಥವಾ ಹೆಸರಿನ ಬಲದಿಂದ ಮಾರಾಟವಾಗುವ ಸರಕೋ ಎಂಬುದು ಸ್ಪಷ್ಟವಾಗುತ್ತಿಲ್ಲ. ಚಲನಚಿತ್ರಗಳನ್ನಷ್ಟೇ ನೋಡಿದವರಿಗೆ ಕಥೆಯಲ್ಲಿ ಏನಾದರೂ ತಪ್ಪಿಹೋಗುತ್ತದೆಯೇ?

ಉತ್ತರ 1

ಚಲನಚಿತ್ರ ಮೊದಲು, ಉಳಿದದ್ದೆಲ್ಲ ಅದರ ನೆರಳು ಎಂಬ ಕಲ್ಪನೆಯೇ ಇಲ್ಲಿ ಪೂರ್ತಿ ಸರಿಹೊಂದುವುದಿಲ್ಲ. ಮೊದಲ ಚಿತ್ರ ತೆರೆಕಂಡದ್ದು 1977ರ ಮೇ ತಿಂಗಳಲ್ಲಿ. ಅದರ ಕಾದಂಬರಿ ರೂಪ 1976ರ ಕೊನೆಯಲ್ಲೇ ಅಂಗಡಿಗಳಿಗೆ ಬಂದಿತ್ತು. ಮುಖಪುಟದಲ್ಲಿ ಚಿತ್ರದ ನಿರ್ದೇಶಕ ಜಾರ್ಜ್ ಲೂಕಾಸ್ ಹೆಸರಿದ್ದರೂ ಅದನ್ನು ಬರೆದವರು ಅಲನ್ ಡೀನ್ ಫಾಸ್ಟರ್. ಚಿತ್ರ ಹೆಚ್ಚು ಹಣ ಗಳಿಸದಿದ್ದರೆ ಕಡಿಮೆ ವೆಚ್ಚದಲ್ಲಿ ಎರಡನೆಯ ಭಾಗವನ್ನು ತೆಗೆಯಲು ಅನುಕೂಲವಾಗಲೆಂದು ಇನ್ನೊಂದು ಕಾದಂಬರಿಯನ್ನೂ ಅವರಿಂದಲೇ ಬರೆಸಲಾಯಿತು. ಅದು 1978ರಲ್ಲಿ ಪ್ರಕಟವಾಯಿತು. 1981ರಲ್ಲಿ ಅಮೆರಿಕದ ಸಾರ್ವಜನಿಕ ರೇಡಿಯೋ ಮೊದಲ ಚಿತ್ರವನ್ನು 13 ಕಂತುಗಳ ನಾಟಕವಾಗಿ ಬಿತ್ತರಿಸಿತು. ಎರಡು ಗಂಟೆಯ ಚಿತ್ರದಲ್ಲಿ ಜಾಗ ಸಿಗದ ಪ್ರಸಂಗಗಳಿಗೆ ಅಲ್ಲಿ ಬಿಡುವು ಸಿಕ್ಕಿತು.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು 1991ರಲ್ಲಿ ಟಿಮೊಥಿ ಜಾನ್ ಬರೆದ ಕಾದಂಬರಿ. ಸಾಮ್ರಾಜ್ಯದ ರಾಜಧಾನಿಗೆ ಕೋರಸಾಂಟ್ ಎಂಬ ಹೆಸರು ಬಂದದ್ದು ಅದರಿಂದಲೇ, ಮತ್ತು 1999ರ ಚಿತ್ರ ಆ ಹೆಸರನ್ನು ಹಾಗೆಯೇ ಸ್ವೀಕರಿಸಿತು. ಪುಸ್ತಕದಿಂದ ತೆರೆಗೆ ಹರಿದು ಬಂದದ್ದನ್ನು ಬರಿಯ ಸರಕು ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಉತ್ತರ 2

ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಇದರಲ್ಲಿ ಒಂದು ಅಪಾಯವೂ ಇದೆ. 2003ರಲ್ಲಿ ಮ್ಯಾಟ್ರಿಕ್ಸ್ ಚಿತ್ರಸರಣಿಯ ತಂಡ ಒಂದೇ ಕಥಾಸರಪಳಿಯನ್ನು ಮೂರು ಮಾಧ್ಯಮಗಳಿಗೆ ಹಂಚಿತು. ಯಂತ್ರಗಳು ಮನುಷ್ಯರ ಕೊನೆಯ ನೆಲೆಯಾದ ಝಯಾನ್ ನಗರದತ್ತ ಕೊರೆಯುತ್ತಿರುವುದನ್ನು ಒಸಿರಿಸ್ ನೌಕೆಯವರು ಪತ್ತೆಹಚ್ಚಿ ಸಂದೇಶ ಕಳಿಸುವುದು ಆನಿಮೇಷನ್ ಕಿರುಚಿತ್ರದಲ್ಲಿ. ಆ ಸಂದೇಶವನ್ನು ಪಡೆದುಕೊಳ್ಳುವುದು ವಿಡಿಯೋ ಗೇಮ್‌ನಲ್ಲಿ. ಅದರ ಕುರಿತ ಸಮಾಲೋಚನೆ ಮಾತ್ರ ಚಲನಚಿತ್ರದಲ್ಲಿ. ಮಾಧ್ಯಮ ವಿದ್ವಾಂಸ ಹೆನ್ರಿ ಜೆಂಕಿನ್ಸ್ ಇದನ್ನು ಟ್ರಾನ್ಸ್‌ಮೀಡಿಯಾ ಕಥನದ, ಅಂದರೆ ಒಂದೇ ಕಥೆಯನ್ನು ಹಲವು ಮಾಧ್ಯಮಗಳಲ್ಲಿ ಹಂಚಿ ಹೇಳುವ ವಿಧಾನದ, ಪ್ರಮುಖ ನಿದರ್ಶನವಾಗಿ ಚರ್ಚಿಸಿದ್ದಾರೆ. ಯೋಜನೆ ಧೈರ್ಯದ್ದೇ, ಆದರೆ ಗೇಮ್ ಆಡದ ಪ್ರೇಕ್ಷಕನಿಗೆ ಚಿತ್ರದ ನಡುವೆ ಏನೋ ಕಳಚಿಹೋದಂತೆ ಭಾಸವಾಗುತ್ತದೆ. ವಿಸ್ತರಣೆ ಚಿತ್ರಕ್ಕೆ ಹೊಸ ಕೋಣೆಯನ್ನು ಸೇರಿಸಬೇಕೇ ಹೊರತು, ಇರುವ ಕೋಣೆಯ ಗೋಡೆಯನ್ನೇ ಕಿತ್ತು ಬೇರೆಡೆ ಇಡಬಾರದು.

ಪ್ರಶ್ನೆ ಕೇಳಿದವರು

ಹಾಗಾದರೆ ಸ್ಟಾರ್ ವಾರ್ಸ್‌ನಲ್ಲಿ ಪರಸ್ಪರ ಹೊಂದದ ಕಥೆಗಳು ಎದುರಾದಾಗ ಯಾವುದನ್ನು ನಂಬಬೇಕು?

ಉತ್ತರ 3

ಅದಕ್ಕೆ 2014ರ ಏಪ್ರಿಲ್‌ನಲ್ಲಿ ಗೆರೆ ಎಳೆಯಲಾಯಿತು. ಡಿಸ್ನಿ 2012ರಲ್ಲಿ ಸ್ಟಾರ್ ವಾರ್ಸ್ ತಯಾರಿಸುವ ಲೂಕಾಸ್‌ಫಿಲ್ಮ್ ಸಂಸ್ಥೆಯನ್ನು ಕೊಂಡಿತ್ತು. ಹೊಸ ಚಿತ್ರಗಳ ಕೈ ಕಟ್ಟಿಹಾಕಬಾರದೆಂದು, ಅಲ್ಲಿಯವರೆಗಿನ ಬಹುಪಾಲು ಕಾದಂಬರಿ ಮತ್ತು ಕಾಮಿಕ್ಸ್‌ಗಳನ್ನು ಲೆಜೆಂಡ್ಸ್ ಎಂಬ ಪ್ರತ್ಯೇಕ ಹೆಸರಿನಡಿ ಇರಿಸಲಾಯಿತು. ಚಲನಚಿತ್ರಗಳು ಮತ್ತು ಕ್ಲೋನ್ ವಾರ್ಸ್ ಆನಿಮೇಷನ್ ಧಾರಾವಾಹಿ ಅಧಿಕೃತ ಕಥೆಯಲ್ಲಿ ಉಳಿದವು. ದಶಕಗಳ ಕಾಲ ಆ ಪುಸ್ತಕಗಳನ್ನು ಓದಿ ಬೆಳೆದವರಿಗೆ ಇದು ನಿಜವಾಗಿಯೂ ನೋವಿನ ಸಂಗತಿ, ಮತ್ತು ಆ ನೋವು ನ್ಯಾಯವಾದದ್ದೆಂದೇ ನನ್ನ ಅಭಿಪ್ರಾಯ. ಆದರೂ ಜಾನ್ ಸೃಷ್ಟಿಸಿದ ಥ್ರಾನ್ ಪಾತ್ರ 2016ರಲ್ಲಿ ರೆಬೆಲ್ಸ್ ಆನಿಮೇಷನ್ ಧಾರಾವಾಹಿಯ ಮೂಲಕ ಅಧಿಕೃತ ಕಥೆಗೆ ಮರಳಿತು, 2023ರ ಅಸೋಕಾ ಸರಣಿಯಲ್ಲಿ ನಟನೊಬ್ಬನ ರೂಪವನ್ನೂ ಪಡೆಯಿತು.

ನಿಮ್ಮ ಮೊದಲ ಪ್ರಶ್ನೆಗೆ ನೇರ ಉತ್ತರವೆಂದರೆ, ಮೊದಲ ಮೂರು ಚಿತ್ರಗಳಿಗೆ ಬೇರೇನನ್ನೂ ಓದಬೇಕಾಗಿಲ್ಲ. ಅಸೋಕಾ ನೋಡುವ ಮುನ್ನ ಮಾತ್ರ ರೆಬೆಲ್ಸ್ ನೋಡಿರಿ, ಏಕೆಂದರೆ ಅಸೋಕಾ ಬಹುಮಟ್ಟಿಗೆ ರೆಬೆಲ್ಸ್‌ನದೇ ಮುಂದಿನ ಅಧ್ಯಾಯ.