ಸಹಿ ಕಳೆದುಕೊಂಡ ಚಿತ್ರ ಯಾರದ್ದು?

ಪ್ರಶ್ನೆ: ಮೇಡಂ, ನಾನು ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುತ್ತೇನೆ. 2008ರಲ್ಲಿ ಅಮೆರಿಕದಲ್ಲಿ ‘ಆರ್ಫನ್ ವರ್ಕ್ಸ್’ (ಅನಾಥ ಕೃತಿಗಳು) ಮಸೂದೆ ಬಂದಾಗ ಅಲ್ಲಿನ ಚಿತ್ರಕಾರರು ಜೋರಾಗಿ ವಿರೋಧಿಸಿದರು ಅಂತ ಓದಿದೆ. ಹಕ್ಕುದಾರರೇ ಸಿಗದ ಹಳೆಯ ಕೃತಿಗಳನ್ನು ಬಳಸಲು ಬಿಡುವುದು ಒಳ್ಳೆಯದೇ ಅಲ್ವಾ?

ಉತ್ತರ (ಕಾಪಿರೈಟ್ ವಕೀಲೆ): ಉದ್ದೇಶ ಒಳ್ಳೆಯದೇ. ಯಾರು ತೆಗೆದರೋ ಗೊತ್ತಿಲ್ಲದ ಹಳೆಯ ಫೋಟೊಗಳು ಗ್ರಂಥಾಲಯಗಳಲ್ಲಿ ಸುಮ್ನೆ ಬಿದ್ದಿರುತ್ತವೆ. ಅನುಮತಿ ಕೇಳೋಣ ಅಂದರೆ ಯಾರೂ ಸಿಗುವುದಿಲ್ಲ. ಆದರೆ ಆ ಮಸೂದೆ ಹಳೆಯ ಕೃತಿಗಳಿಗಷ್ಟೇ ಅಂತ ಹೇಳಿರಲಿಲ್ಲ. ನಿನ್ನೆ ಬರೆದ ಚಿತ್ರವೂ ‘ಅನಾಥ’ ಆಗಬಹುದಿತ್ತು.

ಅದರ ಪ್ರಕಾರ, ಬಳಸುವವರು ಮೊದಲು ಹಕ್ಕುದಾರರನ್ನು ಶ್ರದ್ಧೆಯಿಂದ ಹುಡುಕಬೇಕು. ಸಿಗದಿದ್ದರೆ ಬಳಸಿಕೊಳ್ಳಬಹುದು. ಆಮೇಲೆ ಹಕ್ಕುದಾರರು ಬಂದರೆ ‘ಸೂಕ್ತ’ ಸಂಭಾವನೆ ಕೊಟ್ಟರೆ ಸಾಕು. ಈಗಿರುವ ಕಾನೂನಿನಲ್ಲಾದರೆ, ಮೊದಲೇ ನೋಂದಾಯಿಸಿದ ಕೃತಿಯನ್ನು ಬೇಕೆಂದೇ ಕದ್ದರೆ ಅಲ್ಲಿನ ಕೋರ್ಟು 1,50,000 ಡಾಲರ್‌ವರೆಗೆ ಪರಿಹಾರ ಕೊಡಿಸಬಹುದು. ದೊಡ್ಡ ಕಂಪನಿಯೊಂದು ಒಬ್ಬಂಟಿ ಕಲಾವಿದರಿಗೆ ಹೆದರುವುದು ಈ ಮೊತ್ತದಿಂದಲೇ. ಮಸೂದೆಯಿಂದ ಆ ಹೆದರಿಕೆಯೇ ಹೋದರೆ ಉಳಿಯುವುದೇನು?

ಚಿತ್ರಗಳ ಪಾಡು ಬೇರೆ ಎಲ್ಲಕ್ಕಿಂತ ಕಷ್ಟ. ಪುಸ್ತಕಕ್ಕೆ ಮುಖಪುಟದಲ್ಲೇ ಲೇಖಕರ ಹೆಸರಿರುತ್ತದೆ. ಚಿತ್ರದ ಸಹಿ ಮೂಲೆಯಲ್ಲಿರುತ್ತದೆ, ಒಂದು ಕತ್ತರಿಗೆ ಹೋಯಿತು. ಫೈಲಿನೊಳಗೆ ಬರೆದಿಟ್ಟ ವಿವರ ಅಪ್‌ಲೋಡ್ ಆಗುವಾಗಲೇ ಅಳಿಸಿಹೋಗುವುದುಂಟು. ಹೆಸರು ಗೊತ್ತಿಲ್ಲದ ಚಿತ್ರವನ್ನು ಯಾವ ಪದ ಹಾಕಿ ಹುಡುಕುತ್ತೀರಿ? ಇದಕ್ಕೆ ಪರಿಹಾರವಾಗಿ ಚಿತ್ರಗಳ ಡೇಟಾಬೇಸ್‌ಗಳನ್ನು ಸೂಚಿಸಿದ್ದರು. ಜೀವಮಾನವಿಡೀ ಸಾವಿರಾರು ಚಿತ್ರ ಬರೆದವರು ಎಲ್ಲವನ್ನೂ ಸ್ಕ್ಯಾನ್ ಮಾಡಿ, ಸೇರಿಸುತ್ತಾ ಕೂರಬೇಕಾ? ನೋಂದಾಯಿಸದಿದ್ದರೂ ಚಿತ್ರ ಬರೆದ ಕ್ಷಣದಿಂದಲೇ ಹಕ್ಕು ನಿಮ್ಮದು ಎಂಬ ನಿಯಮ ಅಲ್ಲಿ 1978ರಿಂದ ಜಾರಿಯಲ್ಲಿದೆ. ನೋಂದಣಿಯನ್ನು ಹಿಂಬಾಗಿಲಿಂದ ಕಡ್ಡಾಯ ಮಾಡುತ್ತಿದ್ದಾರೆ ಅನ್ನುವುದೇ ಚಿತ್ರಕಾರರ ಸಿಟ್ಟು. ನನ್ನ ಪ್ರಕಾರ ಆ ಸಿಟ್ಟು ನ್ಯಾಯವಾದದ್ದು.

2008ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಮೇಲ್ಮನೆಯಾದ ಸೆನೆಟ್ ಮಸೂದೆಯನ್ನು ಒಪ್ಪಿತು. ಕೆಳಮನೆಯಲ್ಲಿ ಅದು ಪಾಸಾಗಲಿಲ್ಲ, ಅಲ್ಲಿಗೇ ಬಿದ್ದುಹೋಯಿತು.

ಪ್ರಶ್ನೆ: ಈಗ ಅರ್ಥವಾಯಿತು ಮೇಡಂ. ನಾನು ಬರೆದ ಆನೆಮರಿಯ ಚಿತ್ರವೊಂದು ಸಹಿ ಇಲ್ಲದೆ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ‘ಯಾರದ್ದೋ ಗೊತ್ತಾಗಲಿಲ್ಲ’ ಅಂತ ಹೇಳಿ ಇಲ್ಲಿ ಯಾರಾದರೂ ಅಚ್ಚು ಹಾಕಬಹುದಾ?

ಉತ್ತರ: ಹಾಗೆ ತಾವೇ ತೀರ್ಮಾನಿಸುವಂತಿಲ್ಲ. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ 31ಎ ಕಲಂ ಇದೆ. ಹಕ್ಕುದಾರರು ಸಿಗದಿದ್ದರೆ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು, ಆಮೇಲೆ ಲೈಸೆನ್ಸಿಗೆ ಅರ್ಜಿ ಹಾಕಬೇಕು. ಲೈಸೆನ್ಸ್ ಸಿಕ್ಕರೂ ರಾಯಲ್ಟಿ ಕಟ್ಟಬೇಕು. ನಿಧಾನದ ದಾರಿ, ನಿಜ. ಆದರೆ ಬಳಸುವವರ ಮಾತನ್ನೇ ನಂಬದೆ, ನಡುವೆ ಇನ್ನೊಬ್ಬರು ಕೂತು ವಿಚಾರಿಸುತ್ತಾರೆ. ಅಮೆರಿಕದ ಆ ಮಸೂದೆಯಲ್ಲಿ ನನಗೆ ಕೊರತೆ ಕಂಡದ್ದು ಇದೇ.

ಆನೆಮರಿಯ ಮೂಲ ಫೈಲು, ಕಚ್ಚಾ ಸ್ಕೆಚ್, ಪ್ರಕಾಶಕರಿಗೆ ಕಳಿಸಿದ ಇಮೇಲ್ ಇವನ್ನು ತೆಗೆದಿಡಿ. ಇನ್ನು ಮುಂದೆ ಸಹಿಯನ್ನು ಮೂಲೆಯಲ್ಲಿ ಹಾಕಬೇಡಿ, ಆನೆಯ ಕಾಲ ಬಳಿಯ ಹುಲ್ಲಿನಲ್ಲೇ ಬರೆಯಿರಿ.