ಹಳೆ ಜಪಾನಿ ಗೇಮ್ ಕನ್ಸೋಲ್ ಕಲೆಕ್ಷನ್ ಎಲ್ಲಿಂದ ಶುರು ಮಾಡಲಿ? ಅನುಭವ ಇದ್ದವರು ಹೇಳಿ

ಕೇಳಿದವರು, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ಕಂಪನಿ ಕೆಲಸದ ಮೇಲೆ ಒಂದೆರಡು ವರ್ಷಕ್ಕೆ ನಗೋಯಾಗೆ ಹೊರಟಿದ್ದೇನೆ. ಚಿಕ್ಕವನಿದ್ದಾಗ ಮನೆಯಲ್ಲಿ ಹಳದಿ ಕ್ಯಾಸೆಟ್ ಹಾಕುವ ಟಿವಿ ಗೇಮ್ ಇತ್ತು. ಅದು ನಿಂಟೆಂಡೊ ಫ್ಯಾಮಿಕಾಂನ ನಕಲು ಅಂತ ಗೊತ್ತಾಗಿದ್ದು ಎಷ್ಟೋ ವರ್ಷ ಆದ ಮೇಲೆ. ಈಗ ಅಸಲಿ ಯಂತ್ರಗಳನ್ನೇ ಸೇರಿಸಬೇಕು ಅಂತ ಆಸೆ. ಫ್ಯಾಮಿಕಾಂ, ಸೂಪರ್ ಫ್ಯಾಮಿಕಾಂ, ಪಿಸಿ ಎಂಜಿನ್, ಮೆಗಾ ಡ್ರೈವ್, ಸ್ಯಾಟರ್ನ್, ಪ್ಲೇಸ್ಟೇಷನ್. ಪಟ್ಟಿ ಉದ್ದ ಇದೆ, ದುಡ್ಡು ಅಷ್ಟಿಲ್ಲ. ಯಾವುದರಿಂದ ಶುರು ಮಾಡಲಿ? ಎಲ್ಲಿ ಕೊಳ್ಳಲಿ? ವಾಪಸ್ ಬಂದ ಮೇಲೆ ನಮ್ಮ ಕರೆಂಟು, ನಮ್ಮ ಟಿವಿಗೆ ಹೊಂದುತ್ತವಾ?

ಒಸಾಕಾದಿಂದ

ಪಟ್ಟಿಯನ್ನು ಸ್ವಲ್ಪ ದಿನ ಪಕ್ಕಕ್ಕಿಡಿ ಸರ್. ಒಂದು ಯಂತ್ರ ಆರಿಸಿಕೊಳ್ಳಿ. ಅದು ಮನೆಯ ಟಿವಿಯಲ್ಲಿ ಸರಿಯಾಗಿ ಓಡಬೇಕು, ಆಟ ಎಲ್ಲಿಗೆ ನಿಲ್ಲಿಸಿದೆವು ಅನ್ನೋ ಸೇವ್ ಉಳಿಯಬೇಕು, ಬಟನ್ ಎಲ್ಲ ಕೆಲಸ ಮಾಡಬೇಕು. ಎರಡನೆಯದರ ಮಾತು ಆಮೇಲೆ. ಇಲ್ಲದಿದ್ದರೆ ಮನೆ ತುಂಬ ಡಬ್ಬಿ ಇರುತ್ತವೆ, ಆಡೋಕೆ ಒಂದೂ ಇರಲ್ಲ. ಇಂಥ ಮನೆಗಳನ್ನು ಇಲ್ಲಿ ಬೇಕಾದಷ್ಟು ನೋಡಿದ್ದೇನೆ. ಹೊಸಬರು ಯಂತ್ರದ ಬೆಲೆ ಮಾತ್ರ ಲೆಕ್ಕ ಹಾಕುತ್ತಾರೆ. ಆದರೆ ಕೇಬಲ್ಲು, ಅಡಾಪ್ಟರು, ಟಿವಿಗೆ ಹೊಂದಿಸೋದು, ರಿಪೇರಿ, ಇವೆಲ್ಲ ಸೇರಿದರೆ ಯಂತ್ರಕ್ಕಿಂತ ಜಾಸ್ತಿ ಆಗೋದು ಮಾಮೂಲು.

ನನ್ನನ್ನು ಕೇಳಿದರೆ ಮೊದಲನೆಯದು ಸೂಪರ್ ಫ್ಯಾಮಿಕಾಂ. 1990ರ ನವೆಂಬರ್‌ನಲ್ಲಿ 25,000 ಯೆನ್‌ಗೆ ಬಂದದ್ದು. ಜಪಾನ್ ಒಂದರಲ್ಲೇ 1.7 ಕೋಟಿ ಮಾರಾಟವಾಗಿದೆ. ಹಾಗಾಗಿ ಮಾಲಿಗೆ ಬರ ಇಲ್ಲ. ಇವತ್ತು ತಪ್ಪಿದರೆ ಮುಂದಿನ ವಾರ ಇನ್ನೊಂದು ಸಿಗುತ್ತೆ. ಒಳಗೆ ತಿರುಗುವ ಭಾಗ ಒಂದೂ ಇಲ್ಲ, ಕೆಡೋದು ಕಮ್ಮಿ. ಎವಿ ಕೇಬಲ್ ನೇರವಾಗಿ ಹಾಕಬಹುದು. ಅದೇ ಕೇಬಲ್ ನಿಂಟೆಂಡೊ 64ಕ್ಕೂ ಗೇಮ್‌ಕ್ಯೂಬ್‌ಗೂ ಆಗುತ್ತೆ.

ಫ್ಯಾಮಿಕಾಂ ಮೇಲೆ ನಿಮಗೆ ಸೆಳೆತ ಇದೆ, ಗೊತ್ತು. 1983ರ ಜುಲೈ 15ಕ್ಕೆ ಬಂದ ಆ ಕೆಂಪು ಬಿಳಿ ಡಬ್ಬಿ ನೋಡೋಕೆ ಚೆಂದವೇ. ಆದರೆ ಕಂಟ್ರೋಲರ್ ಹೊರಗಿನಿಂದ ಕಳಚೋಕೆ ಬರಲ್ಲ, ವಯರು ಗಿಡ್ಡ. ಅದಕ್ಕಿಂತ ದೊಡ್ಡ ತಾಪತ್ರಯ ಚಿತ್ರದ್ದು. ಅದು ಬರೋದು ಆರ್‌ಎಫ್‌ನಲ್ಲಿ, ಅಂದರೆ ಆಂಟೆನಾ ಕಿಂಡಿಯ ಮೂಲಕ, ಟಿವಿಯ 1 ಅಥವಾ 2ನೇ ಚಾನೆಲ್ ಆಗಿ. ಜಪಾನಿನಲ್ಲಿ ಅನಲಾಗ್ ಪ್ರಸಾರ 2011ರ ಜುಲೈನಲ್ಲಿ ಬಹುತೇಕ ಕಡೆ ನಿಂತುಹೋಯಿತು. ಈಗಿನ ಟಿವಿಗಳಲ್ಲಿ ಆ ಟ್ಯೂನರ್ರೇ ಇರಲ್ಲ. ಇದಕ್ಕೆ ಇಲ್ಲಿನವರದ್ದೊಂದು ಉಪಾಯ ಇದೆ. ಹಳೆ ವಿಎಚ್‌ಎಸ್ ಡೆಕ್ ಒಂದನ್ನು ತಂದು, ಅದರ ಆಂಟೆನಾ ಕಿಂಡಿಗೆ ಫ್ಯಾಮಿಕಾಂ ಜೋಡಿಸಿ, ಡೆಕ್ಕಿನ ಎವಿಯಿಂದ ಟಿವಿಗೆ ಕೊಡುತ್ತಾರೆ. ಟೇಪ್ ಓಡದ ಡೆಕ್ ಆದರೂ ನಡೆಯುತ್ತೆ, ಟ್ಯೂನರ್ ಸರಿ ಇದ್ದರೆ ಸಾಕು.

ಇಷ್ಟೆಲ್ಲ ಬೇಡ ಅಂದರೆ 1993ರ ಡಿಸೆಂಬರ್‌ನಲ್ಲಿ ಬಂದ ನ್ಯೂ ಫ್ಯಾಮಿಕಾಂ ನೋಡಿ. ಎವಿ ಇದೆ, ಕಂಟ್ರೋಲರ್ ಕಳಚಬಹುದು. ಬೆಲೆ ಹಳೆಯದಕ್ಕಿಂತ ಜಾಸ್ತಿ. ಹಳೆಯದರ ಎರಡನೇ ಕಂಟ್ರೋಲರಿನಲ್ಲಿ ಮೈಕ್ ಇತ್ತು, ಇದರಲ್ಲಿ ಇಲ್ಲ. ಫ್ಯಾಮಿಕಾಂಗೆ ಜೋಡಿಸುವ ಡಿಸ್ಕ್ ಸಿಸ್ಟಂ ಅನ್ನೋ ಡ್ರೈವಿನ ಜೆಲ್ಡಾ ಆಟದಲ್ಲಿ ಆ ಮೈಕಿಗೆ ಕೂಗಿದರೆ ಉದ್ದ ಕಿವಿಯ ಒಂದು ರಾಕ್ಷಸ ಸಾಯುತ್ತದೆ. ಅಂಥ ತಮಾಷೆ ಬೇಕಿದ್ದರೆ ಹಳೆಯದೇ ಬೇಕು.

ಕೊಳ್ಳೋದು ಎಲ್ಲಿ ಅಂದಿರಿ. ನಗೋಯಾದಲ್ಲಿ ಓಸು ಪೇಟೆ ಇದೆ, ಅಲ್ಲಿ ಸುತ್ತಿ ಕಣ್ಣು ಪಳಗಿಸಿಕೊಳ್ಳಿ. ಟೋಕಿಯೊದ ಅಕಿಹಬಾರಾ, ನಮ್ಮ ಒಸಾಕಾದ ಡೆನ್‌ಡೆನ್ ಟೌನ್ ಎಲ್ಲ ಪ್ರವಾಸಿಗರ ಜಾಗ, ಬೆಲೆಯೂ ಅದಕ್ಕೆ ತಕ್ಕ ಹಾಗೆ. ನಾನು ಕೊಳ್ಳೋದು ಊರ ಹೊರಗಿನ ಹಾರ್ಡ್ ಆಫ್ ತರದ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ. ಅಲ್ಲಿ ಜಂಕ್ ಅಂತ ಒಂದು ಮೂಲೆ ಇರುತ್ತೆ. ಅಲ್ಲಿರೋದೆಲ್ಲ ಕೆಟ್ಟದ್ದೇ ಅಂತ ಅಲ್ಲ. ಅಂಗಡಿಯವರು ಗ್ಯಾರಂಟಿ ಕೊಡಲ್ಲ, ವಾಪಸ್ ತಗೊಳ್ಳಲ್ಲ ಅಷ್ಟೇ. ಕೆಲವು ಕಡೆ ಕರೆಂಟ್ ಕೊಟ್ಟು ನೋಡೋಕೆ ಜಾಗ ಇರುತ್ತೆ, ಸಂಕೋಚ ಬಿಟ್ಟು ಕೇಳಿ. ಅದಿಲ್ಲದಿದ್ದರೆ ಕ್ಯಾಸೆಟ್ ಹಾಕುವ ಬಾಯಿಗೆ ಟಾರ್ಚ್ ಬಿಟ್ಟು ಪಿನ್ನು ಬಾಗಿದೆಯಾ ನೋಡಿ. ಡಬ್ಬಿ ಅಲ್ಲಾಡಿಸಿ, ಒಳಗೆ ಗಲಗಲ ಅಂದರೆ ಇಟ್ಟುಬಿಡಿ. ತಳದ ಸ್ಕ್ರೂಗಳಿಗೆ ತುಕ್ಕು ಹಿಡಿದಿದ್ದರೆ ಯಂತ್ರ ತೇವದಲ್ಲಿ ಬಿದ್ದಿತ್ತು ಅಂತ ತಿಳಿಯಿರಿ.

ಬೆಂಗಳೂರಿನಿಂದ, ರಿಪೇರಿ ಮಾಡುವವನು

ಕರೆಂಟಿನ ಬಗ್ಗೆ ನಾನು ಹೇಳುತ್ತೇನೆ. ನನ್ನ ಮೇಜಿಗೆ ಬರುವ ಜಪಾನಿ ಯಂತ್ರಗಳಲ್ಲಿ ವಯಸ್ಸಾಗಿ ಕೆಟ್ಟವು ಕಮ್ಮಿ. ತಪ್ಪು ಅಡಾಪ್ಟರ್ ಹಾಕಿ ಸುಟ್ಟವೇ ಜಾಸ್ತಿ.

ಜಪಾನಿನ ಕರೆಂಟು 100 ವೋಲ್ಟ್, ನಮ್ಮದು 230. ಅಲ್ಲಿನ ಅಡಾಪ್ಟರನ್ನು ಇಲ್ಲಿನ ಗೋಡೆಗೆ ಚುಚ್ಚಿದರೆ ಮುಗಿಯಿತು. ಪಿನ್ನಿನ ಆಕಾರ ಬದಲಿಸುವ ಕನ್ವರ್ಟರ್ ವೋಲ್ಟೇಜ್ ಇಳಿಸಲ್ಲ. ಇದನ್ನು ಓದಿದವರೂ ಮರೆಯುತ್ತಾರೆ.

ಫ್ಯಾಮಿಕಾಂ, ಸೂಪರ್ ಫ್ಯಾಮಿಕಾಂ, ಮೆಗಾ ಡ್ರೈವ್, ಪಿಸಿ ಎಂಜಿನ್, ಇವಕ್ಕೆಲ್ಲ ಅಡಾಪ್ಟರ್ ಹೊರಗಿದೆ. ಹಾಗಾಗಿ ಜಪಾನಿ ಅಡಾಪ್ಟರ್ ಅಲ್ಲೇ ಬಿಟ್ಟು ಬಂದರೂ ಪರವಾಗಿಲ್ಲ, ನಮ್ಮಲ್ಲಿಯದು ಹಾಕಬಹುದು. ನಿಂಟೆಂಡೊದ ಈ ಎರಡಕ್ಕೂ ಒಂದೇ ಅಡಾಪ್ಟರು: 10 ವೋಲ್ಟ್ ಡಿಸಿ, 850 ಮಿಲಿಆಂಪ್, ಯಂತ್ರಕ್ಕೆ ಚುಚ್ಚುವ ಪಿನ್ನಿನ ನಡುವೆ ಮೈನಸ್. ಎಡವೋದು ಈ ನಡುವೆ ಮೈನಸ್ ಅನ್ನೋದರಲ್ಲೇ. ಎಸ್‌ಪಿ ರೋಡಿನಲ್ಲಿ ಸುಮ್ನೆ ಅಡಾಪ್ಟರ್ ಕೊಡಿ ಅಂದರೆ ಸಾಮಾನ್ಯವಾಗಿ ಕೈಗೆ ಬರೋದು ನಡುವೆ ಪ್ಲಸ್ ಇರೋದು. ಪಿನ್ನು ಸರಿಯಾಗಿ ಕೂರುತ್ತೆ, ಅದಕ್ಕೇ ಮೋಸ ಹೋಗುತ್ತಾರೆ. ಉಲ್ಟಾ ಹಾಕಿದರೆ ಪುಣ್ಯ ಇದ್ದರೆ ಫ್ಯೂಸ್ ಹೋಗುತ್ತೆ, ಇಲ್ಲದಿದ್ದರೆ ಒಳಗಿನದು. ನಡುವೆ ಮೈನಸ್ ಇರುವ 9 ವೋಲ್ಟ್, 1 ಆಂಪ್ ಒಳ್ಳೆ ಅಡಾಪ್ಟರ್ ಇದ್ದರೆ ನಿಂಟೆಂಡೊ ಎರಡೂ ಓಡುತ್ತವೆ. ಅದರ ಮೇಲಿರುವ ಗುಂಡು ಗುರುತಿನ ಚಿತ್ರ ನೋಡದೆ ಏನನ್ನೂ ಚುಚ್ಚಬೇಡಿ.

ಪ್ಲೇಸ್ಟೇಷನ್, ಸ್ಯಾಟರ್ನ್‌ಗಳಲ್ಲಿ ಪವರ್ ಸಪ್ಲೈ ಒಳಗೇ ಇದೆ. ಅವಕ್ಕೆ 230ರಿಂದ 100ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಯಂತ್ರದ ಹಿಂದೆ ಬರೆದಿರುವ ವ್ಯಾಟ್‌ನ ಎರಡರಷ್ಟು ತಾಳುವಂಥದ್ದು ತಗೊಳ್ಳಿ.

ಟಿವಿ ವಿಷಯ. ಜಪಾನಿನ 1, 2ನೇ ಚಾನೆಲ್‌ಗಳು 90 ಮೆಗಾಹರ್ಟ್ಜ್‌ನಿಂದ ಆಚೆ ಇವೆ. ನಮ್ಮಲ್ಲಿ ಅದು ಎಫ್‌ಎಂ ರೇಡಿಯೊ ಜಾಗ, ಹಾಗಾಗಿ ನಮ್ಮ ಹಳೆ ಟಿವಿಗಳು ಅಲ್ಲಿಗೆ ಟ್ಯೂನ್ ಆಗಲ್ಲ. ಕೆಂಪು ಬಿಳಿ ಫ್ಯಾಮಿಕಾಂ ತರೋದಾದರೆ ಎವಿ ಬರುವ ಹಾಗೆ ಮಾಡಿಸಿಯೇ ತನ್ನಿ, ಇಲ್ಲ ಇಲ್ಲಿ ಮಾಡಿಸಿ. ಚಿಕ್ಕ ಕೆಲಸ ಅದು. ಬಣ್ಣ ಬರದೆ ಕಪ್ಪು ಬಿಳುಪು ಕಂಡರೆ ಗಾಬರಿ ಬೇಡ. ಟಿವಿಯ ಬಣ್ಣದ ಪದ್ಧತಿ ಬೇರೆ, ಜಪಾನಿನದು ಎನ್‌ಟಿಎಸ್‌ಸಿ, ನಮ್ಮದು ಪಾಲ್. ಹಳೆ ಡಬ್ಬಾ ಟಿವಿಗಳಲ್ಲೂ ಎಷ್ಟೋ ಎನ್‌ಟಿಎಸ್‌ಸಿ ತೋರಿಸುತ್ತವೆ, ಮೆನುವಿನಲ್ಲಿ ಹುಡುಕಿ. ಬಂದೂಕಿನ ಆಟ ಆಡೋ ಆಸೆ ಇದ್ದರೆ ಡಬ್ಬಾ ಟಿವಿ ಬಿಟ್ಟು ಬೇರೆ ದಾರಿ ಇಲ್ಲ, ಆ ಕಾಲದ ಬಂದೂಕು ಎಲ್‌ಸಿಡಿಯಲ್ಲಿ ಕೆಲಸ ಮಾಡಲ್ಲ.

ಟೋಕಿಯೊದಿಂದ

ಇವರಿಬ್ಬರೂ ಯಂತ್ರದ ಮಾತೇ ಆಡಿದರು. ನಾನು ಆಡೋಕೆ ಕೊಳ್ಳೋಳು, ಕಪಾಟಿಗೆ ಅಲ್ಲ. ಜಪಾನಿ ಓದೋಕೆ ಬರದಿದ್ದರೆ ಕಥೆ ಇರುವ ಉದ್ದದ ಆಟಗಳನ್ನು ಸದ್ಯಕ್ಕೆ ಬಿಡಿ. ಓಡೋದು, ಹಾರೋದು, ವಿಮಾನದಲ್ಲಿ ಗುಂಡು ಹಾರಿಸೋದು, ಪಜಲ್, ಇವಕ್ಕೆ ಭಾಷೆ ಬೇಡ. ಪಿಸಿ ಎಂಜಿನ್‌ನಲ್ಲಿ ಗುಂಡು ಹಾರಿಸುವ ಆಟಗಳೇ ರಾಶಿ ಇವೆ, ಅದಕ್ಕೇ ನನಗೆ ಅದು ಇಷ್ಟ.

ಬಾಕ್ಸು, ಪುಸ್ತಕ ಇಲ್ಲದ ಬರೀ ಕ್ಯಾಸೆಟ್ ಅಗ್ಗ. ಫ್ಯಾಮಿಕಾಂ ಕ್ಯಾಸೆಟ್ಟಿನ ಮೇಲೆ ಯಾವುದೋ ಮಗು ಮಾರ್ಕರಿನಲ್ಲಿ ಹೆಸರು ಬರೆದಿದ್ದರೆ ಇನ್ನೂ ಅಗ್ಗ. ನಾನು ಅಂಥವನ್ನೇ ಆರಿಸುತ್ತೇನೆ. ಆಗಿನ ಮಕ್ಕಳು ಕ್ಯಾಸೆಟ್ಟನ್ನು ಸ್ನೇಹಿತರಿಗೆ ಎರವಲು ಕೊಡುತ್ತಿದ್ದರು, ಕಳೆಯಬಾರದು ಅಂತ ಹೆಸರು. ಕೆಲವದರಲ್ಲಿ ತರಗತಿ, ಸೆಕ್ಷನ್ನೂ ಇರುತ್ತೆ! ಕಪಾಟಿನಲ್ಲಿಡೋರಿಗೆ ಅದು ಕಲೆ, ನನಗೆ ಅಲ್ಲ.

ಮತ್ತೆ, ಕೊಳ್ಳೋಕೆ ಮುಂಚೆ ನಿಂಟೆಂಡೊ ಯಂತ್ರಗಳನ್ನು ಒಂದೇ ಕಡೆ ನೋಡಬೇಕು ಅಂದರೆ ಕ್ಯೋಟೊ ಪಕ್ಕದ ಉಜಿಯಲ್ಲಿ ನಿಂಟೆಂಡೊ ಮ್ಯೂಸಿಯಂ ಇದೆ. 2024ರ ಅಕ್ಟೋಬರ್‌ನಲ್ಲಿ ತೆರೆದದ್ದು. ನಗೋಯಾದಿಂದ ಹತ್ತಿರ. ಸುಮ್ನೆ ಹೋಗಿ ಬಾಗಿಲಲ್ಲಿ ನಿಲ್ಲಬೇಡಿ, ಟಿಕೆಟ್‌ಗೆ ಮುಂಚೆಯೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬೇಕು.

ಮಂಗಳೂರಿನಿಂದ

ಡಿಸ್ಕ್ ಸಿಸ್ಟಂ ಆಸೆ ಇದ್ದರೆ ಒಂದು ಮಾತು ಮಾರಾಯ್ರೇ. ಅದು 1986ರದ್ದು, ಫ್ಯಾಮಿಕಾಂಗೆ ಜೋಡಿಸುವ ಡ್ರೈವು. ಒಳಗೊಂದು ರಬ್ಬರ್ ಬೆಲ್ಟ್ ಇದೆ. ಇಷ್ಟು ವರ್ಷಕ್ಕೆ ಅದು ಕರಗಿ ಹಲಸಿನ ಮೇಣದ ಹಾಗೆ ಅಂಟಿಕೊಂಡಿರುತ್ತದೆ. ಹೊಸ ಬೆಲ್ಟ್ ಸಿಗುತ್ತದೆ, ಹಾಕುವುದು ಕಷ್ಟ ಅಲ್ಲ. ಹಾಕಿದ ಮೇಲೆ ಡಿಸ್ಕ್ ಎಲ್ಲಿಂದ ಓದಲು ಶುರು ಮಾಡಬೇಕು ಎಂಬುದನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸಿ ಹೊಂದಿಸಬೇಕು. ತಾಳ್ಮೆ ಪರೀಕ್ಷೆ ಅದು. ಡಿಸ್ಕ್ ಮೇಲೆ ಬಿಳಿ ಬೂಸ್ಟು ಕಂಡರೆ ಡ್ರೈವಿಗೆ ಹಾಕಲೇ ಬೇಡಿ, ಹೆಡ್ಡೂ ಹಾಳಾಗುತ್ತದೆ.

ಜಪಾನಿನಲ್ಲೂ ಜೂನ್ ಹೊತ್ತಿಗೆ ಮಳೆ ಹಿಡಿದು ಮನೆಯೆಲ್ಲ ತೇವ ಆಗುತ್ತದೆ. ನಮ್ಮ ಕರಾವಳಿಯ ಮಳೆಗಾಲ ಕಂಡವರಿಗೆ ಹೆಚ್ಚು ಹೇಳಬೇಕಿಲ್ಲ. ಮುಚ್ಚಳ ಬಿಗಿಯಾದ ಡಬ್ಬಿ, ಒಳಗೆ ಸಿಲಿಕಾ ಜೆಲ್, ಅದನ್ನು ಆಗಾಗ ಬಿಸಿ ಮಾಡಿ ಒಣಗಿಸುವುದು. ಬಾಕ್ಸು ರಟ್ಟಿನದ್ದಾದ ಕಾರಣ ಅವಕ್ಕೆ ಯಂತ್ರಕ್ಕಿಂತ ಜಾಸ್ತಿ ಕಾಳಜಿ ಬೇಕು. ಕ್ಯಾಸೆಟ್ ಓಡದಿದ್ದರೆ ಬಾಯಿಂದ ಊದಬೇಡಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಹತ್ತಿಕಡ್ಡಿ ಅದ್ದಿ ಪಿನ್ನು ಒರೆಸಿ. ಹೆಚ್ಚಿನವು ಅಷ್ಟಕ್ಕೇ ಸರಿಯಾಗುತ್ತವೆ.

ಯೊಕೊಹಾಮಾದಿಂದ

ಸಿಡಿ ಯಂತ್ರದಿಂದ ಶುರು ಮಾಡಬೇಡಿ. ಸಿಡಿ ಹಾಕುವ ಪಿಸಿ ಎಂಜಿನ್ ಡುಯೊ ನೋಡೋಕೆ ಎಷ್ಟು ಚೆಂದವೋ ಅಷ್ಟೇ ಕಾಟ. 1991ರ ಯಂತ್ರ, ಅದರ ಕೆಪಾಸಿಟರ್‌ಗಳು ಸೋರಿ ಬೋರ್ಡನ್ನೇ ತಿನ್ನುತ್ತವೆ. ಮೊದಲು ದನಿ ಕಮ್ಮಿಯಾಗುತ್ತೆ, ಆಮೇಲೆ ಪೂರ್ತಿ ನಿಲ್ಲುತ್ತೆ. ಕೆಪಾಸಿಟರ್ ಬದಲಿಸಿದ್ದಾರೆ ಅಂತ ಖಾತ್ರಿ ಇಲ್ಲದೆ ಕೊಳ್ಳಬೇಡಿ. ಸೆಗಾ ಗೇಮ್ ಗಿಯರ್‌ದೂ ಇದೇ ಕಾಯಿಲೆ. ಪಿಸಿ ಎಂಜಿನ್ ಬೇಕೇ ಬೇಕು ಅಂದರೆ 1989ರ ಕೋರ್‌ಗ್ರಾಫಿಕ್ಸ್ ತಗೊಳ್ಳಿ, ಅದರಲ್ಲಿ ಎವಿ ಇದೆ. 1987ರ ಬಿಳಿಯದರಲ್ಲಿ ಬರೀ ಆರ್‌ಎಫ್.

ಮೊದಮೊದಲ ಪ್ಲೇಸ್ಟೇಷನ್ ಮಾದರಿಯಲ್ಲಿ ಲೇಸರ್ ಕೂರುವ ಪ್ಲಾಸ್ಟಿಕ್ ಸವೆದು ವಿಡಿಯೊ ತಡವರಿಸುತ್ತೆ. ಯಂತ್ರವನ್ನು ತಲೆಕೆಳಗು ಮಾಡಿ ಆಡುತ್ತಿದ್ದರು ಜನ, ಸುಳ್ಳಲ್ಲ. ಸ್ಯಾಟರ್ನ್ ಆನ್ ಮಾಡಿದಾಗೆಲ್ಲ ದಿನಾಂಕ ಕೇಳಿದರೆ ಅದು ಕೆಟ್ಟಿಲ್ಲ. ಹಿಂದಿನ ಮುಚ್ಚಳದಲ್ಲಿ ಸಿಆರ್2032 ಬ್ಯಾಟರಿ ಹಾಕಿ. ಸೂಪರ್ ಫ್ಯಾಮಿಕಾಂ ಕ್ಯಾಸೆಟ್ಟುಗಳಲ್ಲಿ ಸೇವ್ ಬ್ಯಾಟರಿ ಬೆಸುಗೆ ಹಾಕಿರುತ್ತೆ. ಬದಲಿಸಿದರೆ ಒಳಗಿನ ಹಳೆ ಸೇವ್ ಹೋಗುತ್ತೆ. ಕ್ಯಾಸೆಟ್ ತೆರೆಯೋಕೆ ಗೇಮ್‌ಬಿಟ್ ಅನ್ನೋ ವಿಶೇಷ ಸ್ಕ್ರೂಡ್ರೈವರ್ ಬೇಕು, 3.8 ಮಿಮೀದು, ಯಂತ್ರಕ್ಕೆ 4.5.

ಕಂಪನಿಯವರನ್ನು ನೆಚ್ಚಬೇಡಿ. ಫ್ಯಾಮಿಕಾಂ ರಿಪೇರಿಯನ್ನು ನಿಂಟೆಂಡೊ 2007ರಲ್ಲೇ ನಿಲ್ಲಿಸಿತು, ಬಿಡಿಭಾಗ ಇಲ್ಲ ಅಂತ.

ಕೇಳಿದವರು

ಎಲ್ಲರಿಗೂ ತುಂಬ ಥ್ಯಾಂಕ್ಸ್. ಪಟ್ಟಿ ಹರಿದು ಹಾಕಿದೆ, ಸೂಪರ್ ಫ್ಯಾಮಿಕಾಂ ಒಂದೇ ಸದ್ಯಕ್ಕೆ. ಇನ್ನೆರಡು ಅನುಮಾನ. ಆನ್‌ಲೈನ್‌ನಲ್ಲಿ ನೋಡಿದವೆಲ್ಲ ಹಳದಿಗಟ್ಟಿವೆ, ಬೆಳ್ಳಗೆ ಮಾಡೋ ದ್ರಾವಣ ಇದೆಯಂತೆ, ಮಾಡಲಾ? ಇನ್ನೊಂದು, ಬಾಕ್ಸ್ ಸಮೇತ ಇರೋದೇ ತಗೊಂಡರೆ ಅಡಾಪ್ಟರ್, ಕೇಬಲ್ ಎಲ್ಲ ಒಟ್ಟಿಗೆ ಬರುತ್ತಲ್ವಾ?

ಒಸಾಕಾದಿಂದ

ಹಳದಿ ಆಗೋದು ಪ್ಲಾಸ್ಟಿಕ್ಕಿನ ಗುಣ, ಒಳಗಿನ ಕೆಲಸಕ್ಕೆ ಏನೂ ಸಂಬಂಧ ಇಲ್ಲ. ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಟ್ಟರೆ ಬೆಳ್ಳಗಾಗುತ್ತೆ, ನಿಜ. ಆದರೆ ಪಟ್ಟೆ ಪಟ್ಟೆ ಆಗೋ ಸಾಧ್ಯತೆ ಇದೆ, ಮತ್ತೆ ಹಳದಿಯೂ ತಿರುಗುತ್ತೆ. ಗ್ಲೌಸ್ ಇಲ್ಲದೆ ಮುಟ್ಟಿದರೆ ಕೈ ಸುಡುತ್ತೆ. ನಾನಂತೂ ಮಾಡಲ್ಲ. ಹಳದಿ ಇದೆ ಅಂತ ಬೆಲೆ ಇಳಿಸಿ ಕೊಟ್ಟರೆ ಖುಷಿಯಾಗಿ ತಗೊಳ್ಳುತ್ತೇನೆ.

ಬಾಕ್ಸ್ ವಿಷಯದಲ್ಲಿ ಹುಷಾರು. ಸೂಪರ್ ಫ್ಯಾಮಿಕಾಂ ಹೊಸದಾಗಿ ಮಾರುವಾಗಲೇ ಅಡಾಪ್ಟರ್ ಬಾಕ್ಸಿನಲ್ಲಿ ಇರುತ್ತಿರಲಿಲ್ಲ, ಬೇರೆ ಕೊಳ್ಳಬೇಕಿತ್ತು. ಮನೆಯಲ್ಲಿದ್ದ ಫ್ಯಾಮಿಕಾಂದೇ ಆಗುತ್ತಿತ್ತಲ್ಲ, ಅದಕ್ಕೆ. ಹಾಗಾಗಿ ಪೂರ್ತಿ ಸೆಟ್ ಅಂತ ಬರೆದಿದ್ದರೂ ಅಡಾಪ್ಟರ್ ಇದೆಯಾ ಅಂತ ಫೋಟೊದಲ್ಲಿ ಎಣಿಸಿ ನೋಡಿ. ನಗೋಯಾದಲ್ಲಿರುವಷ್ಟು ದಿನಕ್ಕೆ ನನ್ನ ಹತ್ತಿರ ಒಂದು ಹೆಚ್ಚಿಗೆ ಇದೆ. ಬಂದ ಮೇಲೆ ವಿಳಾಸ ತಿಳಿಸಿ, ಕಳಿಸುತ್ತೇನೆ.