ಅಳಿಯನ ವೀಲ್‌ಚೇರ್ ಬಾತ್‌ರೂಮ್ ಒಳಗೆ ಹೋಗಲ್ಲ, ಮನೆ ನನ್ನ ಹೆಸರಲ್ಲಿದೆ. ವಿಎ (ಅಮೆರಿಕದ ಮಾಜಿ ಸೈನಿಕರ ಇಲಾಖೆ) ಹಣ ಸಿಗುತ್ತಾ?

ಟೆಕ್ಸಾಸ್ ಮಾವ:
ನಮ್ಮ ಅಳಿಯ ಅಮೆರಿಕದ ಸೇನೆಯಲ್ಲಿದ್ದ. ತರಬೇತಿ ವೇಳೆ ಗಾಡಿ ಮಗುಚಿ ಬೆನ್ನುಹುರಿಗೆ ಪೆಟ್ಟಾಯಿತು, ಎರಡೂ ಕಾಲಲ್ಲಿ ಬಲ ಇಲ್ಲ. ವಿಎ 100% ಅಂಗವೈಕಲ್ಯ ರೇಟಿಂಗ್ ಕೊಟ್ಟಿದೆ. ಸದ್ಯಕ್ಕೆ ಮಗಳು, ಅಳಿಯ ಇಬ್ಬರೂ ನಮ್ಮ ಮನೆಯಲ್ಲೇ ಇದ್ದಾರೆ, ಮುಂದೆ ಸ್ವಂತ ಮನೆ ಕೊಳ್ಳುವ ಯೋಚನೆ ಇದೆ. ಮುಂಬಾಗಿಲಿಗೆ ಮೂರು ಮೆಟ್ಟಿಲು, ದಿನಾ ನಾನೂ ಮಗಳೂ ಸೇರಿ ಎತ್ತಿ ಇಳಿಸುತ್ತೇವೆ, ನನಗೂ 67 ಆಯ್ತು. 100% ಇದ್ದರೆ ಮನೆ ಸರಿಮಾಡಿಸೋಕೆ ದುಡ್ಡು ತಾನಾಗೇ ಬರುತ್ತೆ ಅಂದರು ಯಾರೋ. ನಿಜಾನಾ?

ಡಲ್ಲಾಸ್ ದೋಸೆ:
ತಾನಾಗೇ ಏನೂ ಬರಲ್ಲ ಸಾರ್, ಅರ್ಜಿ ಹಾಕಬೇಕು. 26-4555 ಫಾರ್ಮ್. ಮತ್ತೆ 100% ಅನ್ನೋದು ಇಲ್ಲಿ ಮುಖ್ಯ ಅಲ್ಲ. ಯಾವ ಅಂಗಕ್ಕೆ ಏನಾಗಿದೆ ಅನ್ನೋದೇ ಲೆಕ್ಕ. ರೇಟಿಂಗ್ ಪತ್ರದಲ್ಲಿ ಎರಡೂ ಕಾಲಿಗೆ 'ಲಾಸ್ ಆಫ್ ಯೂಸ್' (ಅಂಗ ಇದ್ದರೂ ಬಳಕೆಗೆ ಬರಲ್ಲ) ಅಂತ ಬರೆದಿದೆಯಾ ನೋಡಿ. ಇದ್ದರೆ ಅಂಗವೈಕಲ್ಯಕ್ಕೆ ತಕ್ಕಂತೆ ಮನೆ ಮಾಡಿಸಿಕೊಳ್ಳೋಕೆ ವಿಎ ಕೊಡುವ ದೊಡ್ಡ ಅನುದಾನಕ್ಕೆ, ಅಂದರೆ ಎಸ್‌ಎಎಚ್‌ಗೆ ದಾರಿ ಇದೆ, 2025ರ ಆರ್ಥಿಕ ವರ್ಷಕ್ಕೆ ಅದರ ಮಿತಿ 1,21,812 ಡಾಲರ್. ಯುದ್ಧದಲ್ಲೇ ಗಾಯ ಆಗಿರಬೇಕು ಅಂತೇನಿಲ್ಲ, ತರಬೇತಿಯಲ್ಲಿ ಆದದ್ದೂ ಸೇವೆಯ ಲೆಕ್ಕವೇ.

ಆದರೆ ಎಸ್‌ಎಎಚ್‌ಗೆ ಮನೆ ಅಳಿಯನದ್ದೇ ಆಗಿರಬೇಕು. ನಿಮ್ಮ ಮನೆಗೆ ಟಿಆರ್‌ಎ ಅಂತ ಬೇರೆ ಅನುದಾನ ಇದೆ, ನೆಂಟರ ಮನೆಯಲ್ಲಿ ತಾತ್ಕಾಲಿಕವಾಗಿ ಇರುವವರಿಗೇ ಮಾಡಿದ್ದು. ಎಸ್‌ಎಎಚ್‌ಗೆ ಅರ್ಹರಾದವರಿಗೆ ಅದರಲ್ಲಿ 2025ರ ಆರ್ಥಿಕ ವರ್ಷದಲ್ಲಿ ಸುಮಾರು 49,000 ಡಾಲರ್ ತನಕ ಸಿಗುತ್ತಿತ್ತು. ಎಸ್‌ಎಎಚ್ ಅನುದಾನವನ್ನು ಜೀವಮಾನದಲ್ಲಿ ಆರು ಸಲ ಬಳಸಬಹುದು, ಹಾಗಾಗಿ ಈಗ ನಿಮ್ಮ ಮನೆಗೆ ತಗೊಂಡರೂ ಮುಂದೆ ಅವರ ಮನೆಗೆ ಬಾಗಿಲು ಮುಚ್ಚಿ ಹೋಗಲ್ಲ.

ಒಂಟಿಕಾಲ ಸಿಪಾಯಿ:
ಮೇಲಿನವರು ಹೇಳಿದ್ದು ಸರಿ. ನನ್ನದು ಒಂದೇ ಕಾಲು ಹೋಗಿರೋದು. ಸೆಪ್ಟೆಂಬರ್ 11, 2001ರ ನಂತರ ಸೇವೆಯಲ್ಲಿ ಗಾಯಗೊಂಡ ನನ್ನಂಥವರಿಗೂ ಎಸ್‌ಎಎಚ್ ಕೊಡ್ತಾರೆ, ಆದರೆ ವರ್ಷಕ್ಕೆ 120 ಜನಕ್ಕೆ ಮಾತ್ರ. ಎರಡೂ ಕಾಲು ಹೋದವರಿಗೆ ಈ ಕೋಟಾ ಗೋಳಿಲ್ಲ. ಪುಣ್ಯ ಅನ್ನೋಕೂ ಬಾಯಿ ಬರಲ್ಲ, ಅಲ್ವಾ.

ರ‍್ಯಾಂಪ್ ರಾಮಾಯಣ:
ಮೆಟ್ಟಿಲಿಗೆ ಮೊದಲು ಹೀಸಾ ಕೇಳಿ, ಅದು ಮನೆಯಲ್ಲಿ ರ‍್ಯಾಂಪ್‌ನಂಥ ಬದಲಾವಣೆಗೆ ವಿಎ ಕೊಡುವ ಇನ್ನೊಂದು ಅನುದಾನ. ಸೇವೆಯಿಂದಾದ ತೊಂದರೆಗೆ ಜೀವಮಾನಕ್ಕೆ 6,800 ಡಾಲರ್, ವಿಎ ವೈದ್ಯರ ಚೀಟಿ ಬೇಕು. ಮನೆ ಬೇರೆಯವರದ್ದಾದರೂ ಪರವಾಗಿಲ್ಲ, ಮಾಲೀಕರು, ಅಂದರೆ ನೀವೇ, ಒಪ್ಪಿಗೆ ಬರೆದು ಸಹಿ ಹಾಕಿ ನೋಟರಿ ಮಾಡಿಸಿ ಕೊಡಬೇಕು. ಎಸ್‌ಎಎಚ್ ಜೊತೆಗೂ ಇದನ್ನು ತಗೋಬಹುದು. ನಾವು ಮಾಡಿದ ತಪ್ಪು ಮಾತ್ರ ಮಾಡಬೇಡಿ: ಮಳೆಗಾಲ ಬರುತ್ತೆ ಅಂತ ಅವಸರಕ್ಕೆ ಬಿದ್ದು ಮಂಜೂರಾತಿಗೆ ಮೊದಲೇ ರ‍್ಯಾಂಪ್ ಕಟ್ಟಿಸಿದ್ವಿ, ಬಿಲ್ ಎಲ್ಲಾ ಜೋಡಿಸಿ ಕಳಿಸಿದರೂ ಒಂದು ಡಾಲರ್ ವಾಪಸ್ ಬರಲಿಲ್ಲ. ಪ್ಯಾರಲೈಸ್ಡ್ ವೆಟರನ್ಸ್ ಆಫ್ ಅಮೆರಿಕ ಅನ್ನೋ ಮಾಜಿ ಸೈನಿಕರ ಸಂಘದವರು ಅರ್ಜಿ ತುಂಬಲು ಸಹಾಯ ಮಾಡ್ತಾರೆ, ದುಡ್ಡು ಕೇಳಲ್ಲ. ಸುಮ್ನೆ ಏಜೆಂಟ್ ಹಿಂದೆ ಹೋಗಬೇಡಿ.

ಟೆಕ್ಸಾಸ್ ಮಾವ:
ಪತ್ರ ತೆಗೆದು ನೋಡಿದೆ, 'ಲಾಸ್ ಆಫ್ ಯೂಸ್ ಆಫ್ ಬೋತ್ ಫೀಟ್' ಅಂತಲೇ ಇದೆ. ಸೋಮವಾರ ರ‍್ಯಾಂಪ್ ಮಾಡೋಕೆ ಬಡಗಿ ಬರುವವನಿದ್ದ. ಈಗಲೇ ಫೋನ್ ಮಾಡಿ ಬೇಡ ಅಂತೀನಿ.